ಶಾವಿಗೆವ್ವನ ಪಾಲು

ನಿನ್ನೆ ಸಂಜೆ ಪಲಾವಿಗೆಂದು ಫ್ರೀಜರಿನಲ್ಲಿ ಬಟಾಣಿ ಹುಡುಕುತ್ತಿದ್ದೆ. ಕೈಗೆ ಮೊದಲು ತುರಿದ ತೆಂಗಿನಕಾಯಿಯ ಪೊಟ್ಟಣ ಸಿಕ್ಕಿತು, ಅದರ ಹಿಂದೆ ಇಲಿಗಳು ಸಿಕ್ಕವು. ಇನ್ನೊಂದು ಪೊಟ್ಟಣದ ತುಂಬ ಬಿಳಿ ಇಲಿಗಳು, ಬಾಲವೆಲ್ಲ ಒಂದೇ ಕಡೆಗೆ ಮಾಡಿಕೊಂಡು ಶಿಸ್ತಾಗಿ ಮಲಗಿದ್ದವು. ಗಾಬರಿಯಾಗಬೇಡಿ, ನಾವು ಶುದ್ಧ ಸಸ್ಯಾಹಾರಿಗಳು. ನಮ್ಮ ಮನೆಯಲ್ಲಿ ತಿನ್ನುವ ಮಾಂಸಾಹಾರವೆಂದರೆ ಬೇಕರಿಯವರ ತಲೆ ಮಾತ್ರ, ಅದೂ ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿ ಕೇಳಿ. ಇಲಿಗಳು ಶಾವಿಗೆವ್ವನವು. ಅವನ್ನು ಆಚೆ ಸರಿಸಿ ಬಟಾಣಿ ತೆಗೆದುಕೊಂಡೆ. ಹೆದರಲಿಲ್ಲವೆಂಬುದು ಒಗ್ಗರಣೆ ಹಾಕುವಾಗ ಹೊಳೆಯಿತು, ಆಗ ಸ್ವಲ್ಪ ಹೆದರಿದೆ.

ಶಾವಿಗೆವ್ವ ನಮ್ಮ ಮನೆಯ ಹಾವು. ಸಿಡ್ನಿಯ ಕನ್ನಡದವರು ಎಲ್ಲೇ ಕಲೆತರೂ ಯಾರಾದರೊಬ್ಬರು ತಟ್ಟೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬರುತ್ತಾರೆ. “ಸಾರ್, ಹಾವು ಸಾಕೋದು ಒಳ್ಳೆ ಐಡಿಯಾನಾ? ನಮ್ಮ ಮಗನೂ ಹಟ ಮಾಡ್ತಿದಾನೆ” ಎನ್ನುತ್ತಾರೆ. ಬಂಗಾರ ಕೊಳ್ಳುವುದು ಒಳ್ಳೆಯದೋ ಸೈಟು ಕೊಳ್ಳುವುದೋ ಎಂದು ಕೇಳಿದ ಹಾಗೆ ಕೇಳುತ್ತಾರೆ. ನಾನು ಗಂಭೀರವಾಗಿ ಹಾವಿನ ಗುಣಗಳನ್ನು ಹೇಳುತ್ತೇನೆ. ಬೊಗಳುವುದಿಲ್ಲ. ವಾಕಿಂಗಿಗೆ ಕರೆದೊಯ್ಯಬೇಕಿಲ್ಲ. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಉಂಡರೆ ಆಯಿತು. ಸೋಫಾ ಹರಿಯುವುದಿಲ್ಲ, ಸ್ವಿಮ್ಮಿಂಗ್ ಕ್ಲಾಸಿಗೆ ಬಿಡಬೇಕಿಲ್ಲ. ನಿಮ್ಮನ್ನು ಪ್ರೀತಿಸುವುದೂ ಇಲ್ಲ, ಆದ್ದರಿಂದ ನೀವು ತಿರುಗಿ ಪ್ರೀತಿಸಬೇಕೆಂಬ ದಾಕ್ಷಿಣ್ಯವೂ ಇಲ್ಲ. ಅದರ ಲೆಕ್ಕದಲ್ಲಿ ನೀವು ಸ್ವಲ್ಪ ಬೆಚ್ಚಗಿರುವ ಒಂದು ಮರದ ಕೊಂಬೆ. ಇನ್ನು ದೋಷವೆಂದರೆ ಒಂದೇ, ಅದು ಹಾವು.

ಇಷ್ಟೆಲ್ಲ ಹೇಳುವ ನಾನು ಹಾವನ್ನು ಮನೆಗೆ ತರಲು ಒಪ್ಪಿದ್ದು ಕಿವಿಯ ದೋಷದಿಂದ. ಒಂದು ಮಧ್ಯಾಹ್ನ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದೆ. ಹೆಂಡತಿ ರಶ್ಮಿಯ ಫೋನ್ ಬಂತು. ಅವಳು ಬೆಂಗಳೂರಿನವಳು, ವೆಸ್ಟ್‌ಮೀಡ್‌ನ ಒಂದು ಲ್ಯಾಬಿನಲ್ಲಿ ಕೆಲಸ.

“ರೀ, ನಿಧಿಗೆ ಒಂದು ಚಿಲ್ಡ್ರನ್ಸ್ ಪೈಥಾನ್ ಸಿಕ್ತಾ ಇದೆ, ಫ್ರೀಯಾಗಿ. ನನ್ನ ಕಲೀಗ್ ಯುಕೆಗೆ ಹೊರಟಿದಾಳೆ. ಸೆಟಪ್ ಎಲ್ಲಾ ಅವಳೇ ಮಾಡಿಕೊಡ್ತಾಳಂತೆ. ತಗೊಳ್ಳೋಣ್ವಾ?”

ನೀವೇ ಹೇಳಿ. ಪೈಥಾನ್ ಎಂಬ ಹೆಸರಿನ ಕಂಪ್ಯೂಟರ್ ಭಾಷೆಯೊಂದಿದೆ. ಹಗಲೆಲ್ಲ ಅಂಥ ಭಾಷೆಗಳ ಜೊತೆ ಗುದ್ದಾಡುವ ಮನುಷ್ಯನಿಗೆ, ಅದರಲ್ಲೂ ಮಗಳು ಎರಡನೇ ಕ್ಲಾಸಿನಲ್ಲಿರುವ ಕನ್ನಡದ ಅಪ್ಪನಿಗೆ, ‘ಚಿಲ್ಡ್ರನ್ಸ್ ಪೈಥಾನ್’ ಎಂದರೆ ಏನು ಕೇಳಿಸಬೇಕು? ಜೊತೆಗೆ ‘ಸೆಟಪ್’ ಬೇರೆ!

“ಈ ವಯಸ್ಸಿಗೇ ಅವಳಿಗೆ ಅಷ್ಟು ಇಂಟರೆಸ್ಟಾ?” ಎಂದೆ. ಕುರ್ಚಿಯಲ್ಲಿ ನೆಟ್ಟಗಾದೆ.

“ಅಯ್ಯೋ, ಮೊನ್ನೆ ಅವಳ ಮನೇಲಿ ಕೈಲಿ ಹಿಡ್ಕೊಂಡು ಕೂತವಳು ಬಿಡಲೇ ಇಲ್ಲ.”

“ತಗೋ, ತಗೋ. ಆದ್ರೆ ದಿನಾ ಪ್ರಾಕ್ಟೀಸ್ ಮಾಡಿಸ್ಬೇಕು ನೋಡು.”

“ಹೂಂ, ಆಗಾಗ ಹ್ಯಾಂಡಲ್ ಮಾಡ್ತಾ ಇರ್ಬೇಕಂತೆ, ಇಲ್ಲಾಂದ್ರೆ ಮರೆತು ಬಿಡತ್ತಂತೆ.”

ಫೋನಿಟ್ಟು ಪಕ್ಕದ ಸೀಟಿನವನಿಗೆ, ಅವನು ಕೇಳದಿದ್ದರೂ, ನನ್ನ ಮಗಳು ಏಳನೇ ವಯಸ್ಸಿಗೇ ಪೈಥಾನ್ ಶುರು ಮಾಡುತ್ತಿದ್ದಾಳೆ ಎಂದು ಹೇಳಿದೆ. ಅವನ ಮಗ ಇನ್ನೂ ಪಿಯಾನೋದಲ್ಲೇ ಇದ್ದ. ಆ ಸಂಜೆ ಮನೆಗೆ ಬಂದರೆ ಹಾಲ್‌ನಲ್ಲಿ ದೊಡ್ಡ ಗಾಜಿನ ಪೆಟ್ಟಿಗೆ, ಒಳಗೆ ಕೆಂಪು ದೀಪ. “ಕಂಪ್ಯೂಟರ್ ಎಲ್ಲಿ?” ಎಂದು ಕೇಳಿದೆ. ಕೊಂಬೆಯ ಮೇಲಿನ ಕಂದು ಬಣ್ಣದ ಹಗ್ಗ ಆಗ ತಲೆ ಎತ್ತಿತು.

ಮಕ್ಕಳ ಸೈಕಲ್, ಮಕ್ಕಳ ಕೆಮ್ಮಿನ ಔಷಧಿ ಇದ್ದಂತೆ ಮಕ್ಕಳಿಗೆಂದೇ ಮಾಡಿದ ಹಾವೂ ಅಲ್ಲವಂತೆ ಅದು. ಚಿಲ್ಡ್ರನ್ ಎಂಬುದು ಹಳೇ ಕಾಲದ ಯಾರೋ ಸಾಹೇಬರ ಅಡ್ಡಹೆಸರು, ಅವರ ಹೆಸರನ್ನು ಹಾವಿಗಿಟ್ಟಿದ್ದಾರೆ. ವಿಷವಿಲ್ಲ, ಎಷ್ಟು ಬೆಳೆದರೂ ಉದ್ದ ನಿಧಿಯ ಎತ್ತರಕ್ಕಿಂತ ಕಡಿಮೆ. ಇದನ್ನು ಸಾಕಲು ಸರ್ಕಾರದ ಲೈಸೆನ್ಸ್ ಬೇಕು. ರಶ್ಮಿ ಅದನ್ನೂ ತೆಗೆದಿಟ್ಟಿದ್ದಳು. ಅದೇ ಊರಿನಲ್ಲಿ ನಾನು ಕಾರಿನ ಲೈಸೆನ್ಸಿಗಾಗಿ ಅಲೆದ ಅಲೆದಾಟ ನೆನಪಾಗಿ ಹೊಟ್ಟೆ ಉರಿಯಿತು. ನಮ್ಮ ರೆಂಟ್ ಕರಾರಿನಲ್ಲಿ ನಾಯಿ ಬೇಡ, ಬೆಕ್ಕು ಬೇಡ ಎಂದಿತ್ತು. ಹಾವು ಬೇಡ ಎಂದು ಬರೆಯಬೇಕೆಂದು ಬರೆದವರಿಗೆ ಹೊಳೆದಿರಲಿಲ್ಲ. ರಶ್ಮಿ ಫೋನ್ ಮಾಡಿ ಕೇಳಿದಾಗ ಏಜೆಂಟ್ ನಕ್ಕು ಹೂಂ ಅಂದನಂತೆ. ನಿಧಿ ಅದಕ್ಕೆ ನೂಡಲ್ ಎಂದು ಹೆಸರಿಟ್ಟಳು.

ಹಾವೆಂದರೆ ನನಗೇಕೆ ಇಷ್ಟು ಪುಕ್ಕಲು ಎಂದು ತಿಳಿಯಬೇಕಾದರೆ ಮೆಲ್ಬರ್ನಿಗೆ ಹೋಗಬೇಕು. ಈ ದೇಶಕ್ಕೆ ಓದಲು ಬಂದಾಗ ನಾನಿದ್ದದ್ದು ಅಲ್ಲಿ, ಬ್ಯಾರಿ ಎಂಬ ಮುದುಕನ ಮನೆಯಲ್ಲಿ. ಜೊತೆಗೆ ದಾವಣಗೆರೆಯ ಮಲ್ಲಿ, ಎಂದರೆ ಮಲ್ಲಿಕಾರ್ಜುನ. ರೆಂಟು ಆಶ್ಚರ್ಯವಾಗುವಷ್ಟು ಕಡಿಮೆ. ಏಕೆಂದು ನಾವು ಕೇಳಲಿಲ್ಲ, ಸೇರಿಕೊಂಡ ಮೇಲೆ ತಿಳಿಯಿತು. ಬ್ಯಾರಿಯ ಕೋಣೆಯಲ್ಲಿ ನನ್ನ ತೋಳಿನಷ್ಟು ದಪ್ಪದ ಕಾರ್ಪೆಟ್ ಪೈಥಾನ್ ಎಂಬ ಹೆಬ್ಬಾವು ಇತ್ತು. ಬಾಗಿಲು ಹಾಕಿರುತ್ತದೆಂಬ ಧೈರ್ಯದ ಮೇಲೆ ನಾವು ಇಲ್ಲೇ ನೆಲೆಸುವ ಪಿಆರ್ ಕನಸು ಕಾಣುತ್ತ ಅನ್ನ ಬೇಯಿಸಿಕೊಂಡಿದ್ದೆವು.

ಮೆಲ್ಬರ್ನಿನ ಚಳಿ ಗೊತ್ತಲ್ಲ, ಒಂದು ಸಂಜೆ ಬ್ಯಾರಿಯ ಕೋಣೆಯ ಬಾಗಿಲು ಹಾಕಿರಲಿಲ್ಲ. ಆ ಮನೆಯಲ್ಲಿ ಸದಾ ಬೆಚ್ಚಗಿರುವ ವಸ್ತು ನಮ್ಮ ರೈಸ್ ಕುಕ್ಕರ್ ಒಂದೇ. ಮಲ್ಲಿ ಎರಡನೇ ಸಲ ಅನ್ನ ಬಡಿಸಿಕೊಳ್ಳಲು ಎದ್ದು ಅಡುಗೆಮನೆಗೆ ಹೋದವನು “ಹುಳ! ಲೇ, ಹುಳ!” ಎಂದು ಕಿರುಚಿದ. ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಹೇಳಬಾರದು, ಹುಳ ಎನ್ನಬೇಕು ಎಂದು ನಮ್ಮಿಬ್ಬರ ಮನೆಯಲ್ಲೂ ಕಲಿಸಿದ್ದರು. ಪ್ರಾಣ ಹೋಗುವ ಹೊತ್ತಿನಲ್ಲೂ ಮಲ್ಲಿ ಆ ಸಂಸ್ಕಾರ ಬಿಡಲಿಲ್ಲ. ನಾನು ಊಟದ ನಡುವೆ ಇದ್ದೆ. ಅಕ್ಕಿ ಸೇಲಿನಲ್ಲಿ ತಂದದ್ದು.

“ಹುಳ ಇದ್ರ ತಗದ ಒಗದು ಉಣ್ಣೋ. ಹಳೇ ಅಕ್ಕಿ ಐತಿ, ಒಂದೆರಡು ಇರ್ತಾವ” ಎಂದೆ.

“ಲೇ, ಕುಕ್ಕರ್ ತಬ್ಕಂಡೈತಲೇ!”

ಎದ್ದು ಹೋಗಿ ನೋಡಿದೆ. ಅದು ಕುಕ್ಕರನ್ನು ಎರಡು ಸುತ್ತು ತಬ್ಬಿಕೊಂಡು, ಮುಚ್ಚಳದ ಮೇಲೆ ಗದ್ದ ಊರಿ, ನಮ್ಮ ಅನ್ನದ ಶಾಖಕ್ಕೆ ಮೈ ಕಾಯಿಸಿಕೊಳ್ಳುತ್ತಿತ್ತು. ಬ್ಯಾರಿ ಚಪ್ಪಲಿ ಎಳೆಯುತ್ತ ಬಂದು, “ಶಿ ಲೈಕ್ಸ್ ಯುವರ್ ರೈಸ್, ಮೇಟ್” ಎಂದು ಅದನ್ನು ಶಾಲಿನಂತೆ ಹೆಗಲಿಗೆ ಹಾಕಿಕೊಂಡು ಹೋದ. ಆ ಅನ್ನ ಏನು ಮಾಡಿದಿರಿ ಎಂದು ಕೇಳಬೇಡಿ. ವಿದ್ಯಾರ್ಥಿಗಳಾಗಿದ್ದೆವು, ಮುಚ್ಚಳ ಗಟ್ಟಿಯಾಗಿತ್ತು.

ಆದ್ದರಿಂದ ಸಿಡ್ನಿಯ ಮನೆಗೆ ಹಾವು ಬಂದ ದಿನದಿಂದ ಅದನ್ನು ಹೇಗೆ ಸಾಗಹಾಕುವುದೆಂಬುದೇ ನನ್ನ ಚಿಂತೆ. ನೇರವಾಗಿ ಹೇಳಿದರೆ ಹೆಂಡತಿ ನಗುತ್ತಾಳೆ, ಮಗಳು ಅಳುತ್ತಾಳೆ. ಆಗ ಬ್ರಹ್ಮಾಸ್ತ್ರದಂತೆ ನೆನಪಾದವಳು ಹುಬ್ಬಳ್ಳಿಯಲ್ಲಿ ಅಣ್ಣನ ಮನೆಯಲ್ಲಿದ್ದ ನಮ್ಮವ್ವ. ನಾನು ಸಣ್ಣವನಿದ್ದಾಗ ನಮ್ಮ ಬಚ್ಚಲಿಗೆ ಒಮ್ಮೆ ಹಾವು ಬಂದಿತ್ತು. ಅವ್ವ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತ ನಿಲುವು ಈಗಲೂ ಕಣ್ಣಮುಂದಿದೆ. ಆ ಕಸಬರಿಗೆ ಸಿಡ್ನಿಗೆ ಬಂದರೆ ಸಾಕು ಎಂದುಕೊಂಡೆ. ಮೊಮ್ಮಗಳನ್ನು ನೋಡಲು ಬಾ ಎಂದು ವಿಪರೀತ ಪ್ರೀತಿಯಿಂದ ಟಿಕೆಟ್ ಬುಕ್ ಮಾಡಿದೆ.

ಅವ್ವನಿಗೆ ಬೇರೆ ಆಸೆಯಿತ್ತು. ಮೊಮ್ಮಗಳ ಬಾಯಿಂದ ಕನ್ನಡದಲ್ಲಿ ನಾಲ್ಕು ಮಾತು ಕೇಳಬೇಕು. ನಿಧಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಪ್ರತಿ ಭಾನುವಾರ ಫೋನಿನಲ್ಲಿ “ಹಾಯ್ ಅಜ್ಜಿ, ಐಯಾಮ್ ಗುಡ್, ಬೈ ಅಜ್ಜಿ” ಎಂದು ಓಡಿಬಿಡುವಳು. ಅವ್ವ “ಏನಂದ್ಲೋ?” ಎಂದು ನನ್ನನ್ನು ಕೇಳುವಳು. ಹಾಗೆ ಕೇಳಿದಾಗಲೆಲ್ಲ ನನಗೆ ಬಹಳ ನೋವಾಗುತ್ತಿತ್ತು. ನಾನೇ ಕಲಿಸಬೇಕಾಗಿದ್ದ ಮಾತು ಅದು.

ಅವ್ವ ಆಷಾಢದಲ್ಲಿ ಬಂದಿಳಿದಳು, ಇಲ್ಲಿ ಕೊರೆಯುವ ಚಳಿಗಾಲ. ಚಹಾ ಕುಡಿದ ಕೂಡಲೇ ಜಾತ್ರೆಯಲ್ಲಿ ಡೇರೆಯ ಪರದೆ ಎತ್ತುವವನ ಉತ್ಸಾಹದಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದೆ. ಈಗ ಕೂಗುತ್ತಾಳೆ, ಈಗ ಕಸಬರಿಗೆ ಕೇಳುತ್ತಾಳೆ ಎಂದು ಕಾದೆ. ಅವ್ವ ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಬಗ್ಗಿ ನೋಡಿದಳು.

“ಎಷ್ಟ್ ಸೊರಗೈತಿ ಪಾಪ. ಹೊಟ್ಟಿಗೆ ಸರಿಯಾಗಿ ಹಾಕಾಂಗಿಲ್ಲೇನು ನೀವು?”

ಆಗ ನನಗೆ ಬಚ್ಚಲಿನ ಕಥೆಯ ಉಳಿದರ್ಧ ನೆನಪಾಯಿತು. ಅಂದು ಅವ್ವ ಕಸಬರಿಗೆಯನ್ನು ಎತ್ತಲೇ ಇಲ್ಲ. “ಹುಡುಗೂರು ಸಣ್ಣವು ಅದಾವಪ್ಪಾ, ಹೆದರತಾವ. ನಿನ್ನ ದಾರಿ ಹಿಡದು ಹೋಗು” ಎಂದು ಬಾಡಿಗೆದಾರನಿಗೆ ಹೇಳುವಂತೆ ಹೇಳುತ್ತ ನಿಂತಿದ್ದಳು, ಹಾವು ಮೋರಿಯಿಂದ ಹೋಗಿತ್ತು. ಇಷ್ಟು ವರ್ಷ ನಾನು ಬರೀ ಕಸಬರಿಗೆಯನ್ನು ನೆನಪಿಟ್ಟುಕೊಂಡಿದ್ದೆ.

“ಹೆಸರೇನು ಇದರದು?”

“ನೂಡಲ್” ಎಂದಳು ನಿಧಿ.

“ನೂಡ್ಲ ಅಂದ್ರ?”

“ಶಾವಿಗಿ ಇದ್ದಂಗವ್ವ” ಎಂದೆ ನಾನು ಸೋತ ದನಿಯಲ್ಲಿ.

“ಗಂಡೋ ಹೆಣ್ಣೋ?”

“ಗರ್ಲ್!”

“ಹಂಗಾರ ಶಾವಿಗೆವ್ವ ಅನ್ರಿ. ಹೆಣ್ಣಮಗಳಿಗೆ ಬರೇ ಶಾವಿಗಿ ಅಂತ ಕರೀತಾರೇನು?”

ನನ್ನಲ್ಲಿ ಉಳಿದಿದ್ದ ಕೊನೆಯ ಆಸೆ ಫ್ರೀಜರು. ಮರುದಿನ ಅವ್ವ ತಾನೇ ಅದನ್ನು ತೆಗೆದಳು. ಮಂಜು ಹಿಡಿದ ಪೊಟ್ಟಣ ಎತ್ತಿ, “ಇವೇನು, ಎಣ್ಣೆಗಾಯಿ ಮಾಡೂ ಬದನಿಕಾಯೇನು? ಬೆಳ್ಳಗ ಅದಾವಲ್ಲ” ಎಂದಳು. ಇಲಿ ಎಂದು ನಾನು ಒತ್ತಿ ಹೇಳಿದೆ. ಅವ್ವ ಪೊಟ್ಟಣವನ್ನು ಇದ್ದಲ್ಲೇ ಇಟ್ಟು, ಕೈ ತೊಳೆದು, “ಅದರ ಊಟ ಅದಕ್ಕ. ನಮ್ಮ ತಾಟಿನ್ಯಾಗ ಬರಾಂಗಿಲ್ಲಲ್ಲ” ಎಂದು ಬದನೆಕಾಯಿ ತರಲು ನನ್ನನ್ನು ಅಂಗಡಿಗೆ ಅಟ್ಟಿದಳು.

ನಾವಿಬ್ಬರೂ ಕೆಲಸಕ್ಕೆ, ನಿಧಿ ಶಾಲೆಗೆ. ಹಗಲೆಲ್ಲ ಫ್ಲಾಟಿನಲ್ಲಿ ಅವ್ವ ಮತ್ತು ಹಾವು. ಬೆಚ್ಚಗಿರುವ ಜಾಗ ಅದೊಂದೇ ಆದ್ದರಿಂದ ಅವ್ವ ಕುರ್ಚಿಯನ್ನು ಪೆಟ್ಟಿಗೆಯ ಪಕ್ಕಕ್ಕೇ ಎಳೆದುಕೊಂಡಳು. ಕುಳಿತ ಮೇಲೆ ಮಾತಿಲ್ಲದೆ ಇರುವುದು ನಮ್ಮವ್ವನ ಜಾಯಮಾನವಲ್ಲ. ಹುಬ್ಬಳ್ಳಿಯ ದೊಡ್ಡ ಸೊಸೆಯ ಮೇಲಿನ ದೂರುಗಳೆಲ್ಲ ಶಾವಿಗೆವ್ವನ ಮುಂದೆ ಇಳಿದವು. ಅದು ಎದುರು ಮಾತಾಡದೆ, ನಡುನಡುವೆ ನಾಲಿಗೆ ಚಾಚಿ, ಗಮನ ಕೊಟ್ಟು ಕೇಳಿತು. ಇಂಥ ಕೇಳುಗರು ಅವಳಿಗೆ ಸ್ವಂತ ಮನೆಯಲ್ಲೂ ಸಿಕ್ಕಿರಲಿಲ್ಲ.

ಶಾಲೆಯಿಂದ ಬಂದ ನಿಧಿಗೆ ಇದನ್ನು ಸಹಿಸಲಾಗಲಿಲ್ಲ. ತನ್ನ ಹಾವಿಗೆ ಗೊತ್ತಿರುವ ಕಥೆ ತನಗೆ ಗೊತ್ತಿಲ್ಲ! ಒಂದು ದಿನ ನಾನೂ ಮನೆಯಲ್ಲಿದ್ದಾಗ “ಅಜ್ಜಿ, ವಾಟ್ ಆರ್ ಯೂ ಟೆಲಿಂಗ್ ಹರ್?” ಎಂದು ಕೇಳಿದಳು.

“ಇಂಗ್ಲಿಷ್ ನನಗ ತಿಳಿಯಾಂಗಿಲ್ಲ, ಅಕಿಗೂ ತಿಳಿಯಾಂಗಿಲ್ಲ.”

ಹಾವಿಗೆ ಕಿವಿಯೇ ಇಲ್ಲ ಎಂದು ನಿಧಿ ವಾದಿಸಿದಳು. ಅದೂ ಇಂಗ್ಲಿಷಿನಲ್ಲೇ, ನಾನು ಕನ್ನಡಕ್ಕೆ ತಿರುಗಿಸಿದೆ. ಅವ್ವ ಅರೆಕ್ಷಣವೂ ಯೋಚಿಸಲಿಲ್ಲ. “ಕಿವಿ ಇಲ್ಲದಾಕಿಗೆ ಇಂಗ್ಲಿಷ್ ಹೆಂಗ್ ಕೇಳಿಸ್ತೈತಿ? ಕನ್ನಡಾದ್ರ ಮಾರಿ ನೋಡಿ ತಿಳ್ಕೊಂತಾಳ.”

ನಿಧಿ ಬಗ್ಗಿ ಶಾವಿಗೆವ್ವನ ಮುಖವನ್ನೇ ನೋಡತೊಡಗಿದಳು. ಕೆಲವು ದಿನ ಕಳೆದು, ಒಂದು ಸಂಜೆ ಬೀಗದ ಕೈ ಬಾಗಿಲಿಗೆ ಹಾಕುವಾಗ ಒಳಗಿನಿಂದ ಒಂದು ಸಣ್ಣ ದನಿ ಕೇಳಿತು. “ಊಟಾತೇನು ಶಾವಿಗೆವ್ವಾ? ಭಾಳ ಥಂಡಿ ಐತಿ ಅಲಾ? ಇವತ್ತ ಸಾಲ್ಯಾಗ ಏನಾತ್ ಗೊತ್ತೇನು…” ಅಪ್ಪಟ ಹುಬ್ಬಳ್ಳಿ, ನಮ್ಮ ಓಣಿಯದ್ದೇ. ಬ್ಯಾಗು ಹೆಗಲ ಮೇಲಿಟ್ಟುಕೊಂಡು ಹೊರಗೇ ನಿಂತು ಕೇಳಿದೆ. ಬಹಳ ಸಂತೋಷವಾಯಿತು, ಕಣ್ಣಲ್ಲಿ ನೀರೂ ಬಂತು, ಮುಚ್ಚಿಡುವುದೇನು. ಬಾಗಿಲು ತೆಗೆದೆ. “ಹಾಯ್ ಡ್ಯಾಡ್” ಎಂದಳು. ನನ್ನ ಮಗಳ ಕನ್ನಡ ಹಾವಿಗೆ ಮತ್ತು ಅಜ್ಜಿಗೆ ಮಾತ್ರ ಮೀಸಲಾಗಿತ್ತು.

ಇಷ್ಟಾದರೂ ನನ್ನ ಪುಕ್ಕಲು ಹೋಗಲಿಲ್ಲವೆಂದರೆ ನೀವು ನಂಬಬೇಕು. ಒಂದು ಬೆಳಿಗ್ಗೆ ರೈಲಿಗೆ ಓಡುವ ಅವಸರದಲ್ಲಿ ಲ್ಯಾಪ್‌ಟಾಪಿನ ಬ್ಯಾಗಿಗೆ ಚಾರ್ಜರ್ ತುರುಕಿದರೆ, ಒಳಗಿದ್ದ ಇನ್ನೊಂದು ವೈರು ತಾನಾಗಿ ಸರಿದು ಜಾಗ ಬಿಟ್ಟುಕೊಟ್ಟಿತು. ಹಿಂದಿನ ದಿನ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಆರಿಸದೆ ಇಟ್ಟ ಲ್ಯಾಪ್‌ಟಾಪು ಹಿತವಾಗಿ ಬಿಸಿಯಾಗಿತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಫ್ಲಾಟಿನ ಕನ್ನಡದ ಡಾಕ್ಟರು ಓಡಿ ಬಂದರು. ರಶ್ಮಿ ಹಾವನ್ನು ಬಿಡಿಸಿಕೊಂಡು, “ಕೊನೆಗೂ ನಿಮ್ಮ ಲ್ಯಾಪ್‌ಟಾಪಲ್ಲಿ ಪೈಥಾನ್ ಇನ್‌ಸ್ಟಾಲ್ ಆಯ್ತಲ್ಲಾರೀ” ಎಂದಳು. ಡಾಕ್ಟರಿಗೂ ನಗು ತಡೆಯಲಾಗಲಿಲ್ಲ.

ಆ ಸಂಜೆಯೇ ಮೆಲ್ಬರ್ನಿನ ಮಲ್ಲಿಗೆ ಫೋನ್ ಮಾಡಿದೆ. ಹಾವನ್ನು ಇಟ್ಟುಕೊಳ್ಳುತ್ತೀಯಾ ಎಂದು ಅವನು ಬ್ಯಾರಿಯನ್ನು ಕೇಳಿ ನೋಡಿದ. ಮುದುಕ ಖುಷಿಯಾಗಿ ಒಪ್ಪಿದನಂತೆ, ಪರ್ಮಿಟ್ ಓಡಾಟವನ್ನೂ ತಾನೇ ನೋಡಿಕೊಳ್ಳುತ್ತಾನಂತೆ. ಮತ್ತೆ ಫೋನಿನಲ್ಲಿ ಗಟ್ಟಿ ಮಾಡಿದೆ: “ಪಂಚಮಿ ಒಂದು ಮುಗೀಲಿ ಮಲ್ಲಿ, ಅವ್ವ ಬ್ಯಾಸರ ಮಾಡ್ಕೋತಾಳ. ಹಬ್ಬದ ಮರುದಿನಾನ ಕಳಿಸಿಬಿಡ್ತೀನಿ.” ಕನ್ನಡ ಹೇಗೂ ಕಲಿತಾಯಿತಲ್ಲ, ಇನ್ನು ಮೇಷ್ಟ್ರನ್ನು ವರ್ಗ ಮಾಡಿದರೇನು ಎಂಬುದು ನನ್ನ ಸಮಾಧಾನ. ನಿಧಿ ಅಲ್ಲೇ ನೆಲದ ಮೇಲೆ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳಿಗೆ ಕನ್ನಡ ಕೇಳಿಸುವುದಿಲ್ಲವೆಂಬುದು ಈ ದೇಶದ ಕನ್ನಡದ ಅಪ್ಪಂದಿರೆಲ್ಲರ ಭ್ರಮೆ.

ನಾಗರ ಪಂಚಮಿ ಬಂತು. ಆ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಹೀಗಾಗಿ ರೊಟ್ಟಿ ಹಿಂದಿನ ದಿನವೇ ಆಗಿದ್ದವು. ಶೇಂಗಾ ಉಂಡಿ, ಎಳ್ಳಿನ ಉಂಡಿ, ಹುರಿದ ಹಿಟ್ಟಿನ ಅಳ್ಳಿಟ್ಟು ಎಲ್ಲ ತಯಾರು. ನಾಗಪ್ಪನನ್ನು ಮಾಡಲು ಮಣ್ಣು ಮಾತ್ರ ಇರಲಿಲ್ಲ. ಕರಿಬೇವಿನ ಕುಂಡದ ಮಣ್ಣು ತೆಗೆದರೆ ಅದು ಬರೀ ತೊಗಟೆಯ ಪುಡಿ, ನಾಗಪ್ಪ ಹೆಡೆ ಎತ್ತುವ ಮೊದಲೇ ಉದುರಿಹೋದ. ಕೊನೆಗೆ ನಿಧಿ ತನ್ನ ಆಟದ ಮೆತ್ತನೆ ಮಣ್ಣು ಕೊಟ್ಟಳು. ಹೀಗೆ ಗಿಳಿಹಸಿರು ಬಣ್ಣದ ನಾಗಪ್ಪ ಮಣೆಯ ಮೇಲೆ ಕುಳಿತ, ಹಿಂದೆ ಗಾಜಿನೊಳಗಿನಿಂದ ಅಸಲಿ ನೋಡುತ್ತಿತ್ತು.

“ಅಜ್ಜಿ, ಹಾವು ಹಾಲು ಕುಡಿಯಾಂಗಿಲ್ಲ. ಹೊಟ್ಟಿ ಕೆಡತೈತಿ ಅಂತ ಅಮ್ಮ ಹೇಳ್ಯಾಳ” ಎಂದಳು ನಿಧಿ.

“ನನಗೇನ್ ಗೊತ್ತಿಲ್ಲೇನು? ಅದಕ್ಕ ಮಣ್ಣಿನ ನಾಗಪ್ಪಗ ಎರಿಯೂದು. ಮಣ್ಣಿಗೆ ಹೊಟ್ಟಿ ಎಲ್ಲಿಂದ ಕೆಡಬೇಕು?”

ನಮ್ಮ ಕಡೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರು ಹೇಳಿ, ಒಬ್ಬೊಬ್ಬರ ಪಾಲು ಎಂದು ಎರೆಯುತ್ತೇವೆ. ಹುಬ್ಬಳ್ಳಿಯಲ್ಲಿ ಸಣ್ಣವನಿದ್ದಾಗ ನನ್ನ ಹೆಸರು ಬರುವವರೆಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ, ಬರದಿದ್ದರೆ ಮನೆಯಲ್ಲಿ ನಾನಿಲ್ಲವೇನೋ ಎಂಬಂತೆ. ಈ ಸಲ ಅವ್ವ ಚಮಚವನ್ನು ಮೊಮ್ಮಗಳ ಕೈಗೆ ಕೊಟ್ಟಳು. ನಿಧಿ ಎರೆದಳು.

“ದೇವರ ಪಾಲು. ಅಜ್ಜಿ ಪಾಲು. ಅಮ್ಮನ ಪಾಲು. ನಿಧಿ ಪಾಲು. ಶಾವಿಗೆವ್ವನ ಪಾಲು.”

ಅಲ್ಲಿಗೇ ನಿಲ್ಲಿಸಿದಳು. ನಾನು ನಕ್ಕು, “ವಾಟ್ ಅಬೌಟ್ ಮಿ?” ಎಂದೆ.

ಅವಳು ನನ್ನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ನನಗೆ ಹೇಳದಿದ್ದ ಕನ್ನಡವನ್ನೆಲ್ಲ ಒಟ್ಟಿಗೆ ಹೇಳಿದಳು. “ನಿಂದು ಪಾಲಿಲ್ಲ ಅಪ್ಪಾ. ನೀ ನಾಳೆ ಶಾವಿಗೆವ್ವನ್ನ ಹೊರಗ ಹಾಕಾಂವ ಅದೀ. ಮಲ್ಲಿ ಅಂಕಲ್‌ಗೆ ಹೇಳಿದ್ದು ನಾ ಕೇಳೇನಿ.”

ಅಪ್ಪಾ ಎಂದಿದ್ದಳು. ಬೈಗುಳವೇ ಆದರೂ ಅಪ್ಪಾ ಎಂದಿದ್ದಳು. ಸಂತೋಷಪಡಬೇಕೋ ನಾಚಬೇಕೋ ತಿಳಿಯದೆ ಅವ್ವನ ಮುಖ ನೋಡಿದೆ. ಅವ್ವ ಉಂಡಿಯ ತಾಟು ಸರಿಮಾಡುತ್ತ, “ನನ್ನ ಕಡೆ ಏನ್ ನೋಡ್ತೀ? ಚಮಚಾ ಅಕಿ ಕೈಯಾಗೈತಿ” ಎಂದಳು.

“ಇಲ್ಲವಾ, ಹಾಕಾಂಗಿಲ್ಲ. ಮಲ್ಲಿ ಅಂಕಲ್‌ಗೆ ಈಗ ಬ್ಯಾಡ ಅಂತೀನಿ” ಎಂದೆ. ಫೋನ್ ಮಾಡಿ ಅವಳ ಎದುರೇ ಹೇಳಿದೆ. ಮಲ್ಲಿ ಆಚೆಯಿಂದ ನಗುತ್ತಿದ್ದ.

“ಹಂಗಾರ ಮುಟ್ಟು” ಎಂದಳು ನಿಧಿ.

ರಶ್ಮಿ ಮುಚ್ಚಳ ತೆಗೆದು ಅದನ್ನು ಎತ್ತಿದಳು. ನಾನು ಮುಂಗೈ ಚಾಚಿದೆ. ತಣ್ಣಗೆ, ಅಂಟಂಟಾಗಿ ಇರುತ್ತದೆಂದು ಇಷ್ಟು ವರ್ಷ ನಂಬಿದ್ದೆ. ಆಗಷ್ಟೇ ಇಸ್ತ್ರಿ ಮಾಡಿದ ಹತ್ತಿಯ ಅಂಗಿಯ ಹಾಗೆ ಒಣಗಿ, ಬೆಚ್ಚಗಿತ್ತು. ಮಣಿಕಟ್ಟನ್ನು ಮೆಲ್ಲಗೆ ಒಂದು ಸುತ್ತು ಸುತ್ತಿಕೊಂಡು ನಿಂತಿತು. ನನ್ನ ಎದೆಬಡಿತ ಕಿವಿ ಇಲ್ಲದ ಅದಕ್ಕೂ ಕೇಳಿಸಿರಬೇಕು.

“ಅಪ್ಪನ ಪಾಲು” ಎಂದಿತು ಆ ಸಣ್ಣ ದನಿ.

ಕಣ್ಣು ತೆರೆದು ನೋಡಿದೆ. ಹಸಿರು ನಾಗಪ್ಪನ ಮೇಲೆ ಹಾಲು ಇಳಿಯುತ್ತಿತ್ತು, ಆದರೆ ಚಮಚದಲ್ಲಿ ಇನ್ನೂ ಅರ್ಧ ಹಾಗೇ ಉಳಿದಿತ್ತು.

“ನಂದು ಅರ್ಧಾ ಯಾಕವಾ?”

“ಕಣ್ಣ್ ಮುಚ್ಚಿದ್ದೀ” ಎಂದಳು.